ಎಲ್ಲಪ್ಪ, ಅಣ್ಣಪ್ಪ ಮತ್ತು ಸೊಪ್ಪಿನ ಕವರು

ಸೊಪ್ಪಿನ ಕವರಿನ ಸದ್ದೇ ಬೇರೆ, ಔಷಧಿ ಅಂಗಡಿಯ ಕವರಿನ ಸದ್ದೇ ಬೇರೆ. ನನ್ನ ಕಿವಿಗೆ ಎರಡೂ ಒಂದೇ. ನಮ್ಮ ಮನೆಗೆ ಹೊಸದಾಗಿ ಬಂದಿರುವ ಗಿನಿಪಿಗ್ ಜೋಡಿಗೆ ಹಾಗಲ್ಲ. ನಾನು ಗೇಟಿನ ಚಿಲಕ ಹಾಕಿ, ಚಪ್ಪಲಿ ಬಿಟ್ಟು, ಮೊಣಕಾಲಿಗೆ ಸಮಾಧಾನ ಹೇಳುತ್ತ ಮೆಟ್ಟಿಲು ಹತ್ತುವುದರೊಳಗೆ ಒಳಗಿನಿಂದ ‘ವೀಕ್, ವೀಕ್’ ಎಂದು ಸೀಟಿ ಶುರುವಾಗಿರುತ್ತದೆ. ಬಿ.ಪಿ. ಮಾತ್ರೆ ತಂದ ದಿನ ಗೂಡಿನಲ್ಲಿ ಪಿಟ್ಟೆನ್ನುವುದಿಲ್ಲ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರು ನಿಷೇಧವಾದದ್ದು 2016ರಲ್ಲಿ. ನಮ್ಮ ಬೀದಿಯ ಸೊಪ್ಪಿನಮ್ಮನಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. ನಾನೇ ಬಟ್ಟೆಚೀಲ ಒಯ್ದರೆ ಸರ್ಕಾರಕ್ಕೆ ಸಂತೋಷ, ಗೂಡಿಗೆ ಬೇಜಾರು. ಬಟ್ಟೆಗೆ ಸದ್ದಿಲ್ಲವಲ್ಲ.

ಈ ಜೋಡಿ ನಮ್ಮದಲ್ಲ, ಮೊಮ್ಮಗಳದ್ದು. ಮಗನಿಗೆ ಜರ್ಮನಿಯಲ್ಲಿ ಕೆಲಸವಾಯಿತು. ಬೆಂಗಳೂರಿನ ಮನೆ ಖಾಲಿ ಮಾಡುವಾಗ ಸೋಫಾ ಯಾರಿಗೋ ಹೋಯಿತು, ಫ್ರಿಜ್ಜು ಇನ್ಯಾರಿಗೋ ಹೋಯಿತು. ಗಿನಿಪಿಗ್‌ಗಳು ಮೈಸೂರಿಗೆ, ನಮ್ಮ ಮನೆಗೆ ಬಂದವು. ಕೊಳ್ಳುವವರು ಇರಲಿಲ್ಲವೆಂದಲ್ಲ. ಮಾರುವ ಮಾತೆತ್ತಿದಾಗ ಮೊಮ್ಮಗಳು ಊಟ ಬಿಟ್ಟಳಂತೆ. ಕಾರಿನಿಂದ ಗೂಡು ಇಳಿಸಿ, ಕೈಗೊಂದು ನೋಟ್‌ಬುಕ್ ಕೊಟ್ಟು, “ತಾತ, ಎಲ್ಲಾ ಬರೆದಿದೀನಿ. ಡೈಲಿ ಓದಿ,” ಎಂದಳು. ಬ್ಯಾಂಕಿನಲ್ಲಿದ್ದಾಗ ಹೆಡ್ ಆಫೀಸಿನ ಸುತ್ತೋಲೆಗಳನ್ನು ಕೂಡ ನಾನು ಅಷ್ಟು ಭಯಭಕ್ತಿಯಿಂದ ಓದಿದವನಲ್ಲ.

ಅವಳು ಇಟ್ಟ ಹೆಸರು ಎಲ್ಸಾ, ಆನಾ. ಯಾವುದೋ ಸಿನಿಮಾದ ರಾಜಕುಮಾರಿಯರಂತೆ, ಹಿಮದ ಅರಮನೆಯಲ್ಲಿರುವವರಂತೆ. ನನ್ನ ಹೆಂಡತಿಯ ನಾಲಿಗೆಯಲ್ಲಿ ಆ ರಾಜಕುಮಾರಿಯರು ಒಂದು ದಿನವೂ ಬಾಳಲಿಲ್ಲ. ಸಂಜೆಗೆ ಎಲ್ಸಾ ಎಲ್ಲಮ್ಮನಾದಳು, ಆನಾ ಅಣ್ಣಮ್ಮನಾದಳು. ಮೊದಲಿಗೆ “ಇಲಿ ಜಾತಿ, ನಮ್ಮನೇಲಿ ಬೇಡ” ಎಂದು ಮೂಗು ಮುರಿದವಳು ಇವಳೇ. ಆಮೇಲೆ ಕನ್ನಡಕ ಹಾಕಿಕೊಂಡು ಗೂಡಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಬಾಲ ಇರಲಿಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರೇ. “ಬಾಲ ಇಲ್ಲದ್ದು ಇಲಿ ಹೆಂಗಾಗತ್ತೆ?” ಎಂದು ತಾನೇ ತೀರ್ಪು ಕೊಟ್ಟು ಒಳಗೆ ಸೇರಿಸಿಕೊಂಡಳು.

ಉಗುರು ಕತ್ತರಿಸಲು ಪಶುವೈದ್ಯರ ಹತ್ತಿರ ಒಯ್ದಾಗ ಅವರು ಎರಡನ್ನೂ ಮಗುಚಿ ನೋಡಿ, “ಸಾರ್, ಎರಡೂ ಗಂಡು,” ಎಂದರು. ಅಂಗಡಿಯವರು ಎರಡೂ ಹೆಣ್ಣೆಂದು ಕೊಟ್ಟಿದ್ದರಂತೆ. ಈ ಪ್ರಾಣಿ ಮರಿಯಾಗಿರುವಾಗ ಗಂಡು ಹೆಣ್ಣು ಗುರುತಿಸುವುದು ಬಲ್ಲವರಿಗೂ ಕಷ್ಟ. “ಒಂದು ಗಂಡು ಒಂದು ಹೆಣ್ಣಾಗಿದ್ದಿದ್ರೆ ಇಷ್ಟರಲ್ಲಿ ನಿಮಗೆ ಇನ್ನೊಂದು ಗೂಡು ಬೇಕಾಗ್ತಿತ್ತು,” ಎಂದು ನಕ್ಕರು. ಬಸಿರು ಎರಡು ತಿಂಗಳಿಗೆ ಸ್ವಲ್ಪ ಹೆಚ್ಚು. ಮರಿಗಳು ಮೈತುಂಬ ಕೂದಲು, ಬಾಯಲ್ಲಿ ಹಲ್ಲು, ತೆರೆದ ಕಣ್ಣುಗಳೊಂದಿಗೆ ಹುಟ್ಟಿ ಕೆಲವೇ ಗಂಟೆಗಳಲ್ಲಿ ಓಡಾಡುತ್ತವೆ. ತಾಯಿ ಹೆತ್ತ ದಿನವೇ ಮತ್ತೆ ಬಸಿರಾಗಬಲ್ಲಳು. ಮನೆಗೆ ಬಂದು ಹೇಳಿದೆ. ಹೆಂಡತಿ ಒಂದು ಗಳಿಗೆಯೂ ತಡವರಿಸಲಿಲ್ಲ. “ಹಂಗಾದ್ರೆ ಎಲ್ಲಪ್ಪ, ಅಣ್ಣಪ್ಪ. ಮಗೂಗೆ ಮಾತ್ರ ಹೇಳ್ಬೇಡಿ,” ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಲೆಕ್ಕದ ಪುಸ್ತಕ: ಫೋನಿನಲ್ಲಿ ಎಲ್ಸಾ-ಆನಾ, ಫೋನಿಟ್ಟ ಮೇಲೆ ಎಲ್ಲಪ್ಪ-ಅಣ್ಣಪ್ಪ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ವಿಟಮಿನ್ ಸಿ!!!’ ಎಂದಿತ್ತು. ಹೆಚ್ಚಿನ ಪ್ರಾಣಿಗಳು ತಮಗೆ ಬೇಕಾದ ಸಿ ಜೀವಸತ್ವವನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೆ ಅದು ಆಗದು, ಮಂಗನಿಗೆ ಆಗದು, ಇವಕ್ಕೂ ಆಗದು. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಖ್ ಎಂಬ ಇಬ್ಬರು, ಹಡಗಿನವರಿಗೆ ಬರುತ್ತಿದ್ದ ಬೇನೆಯ ಮೂಲ ಹುಡುಕಲೆಂದು ಗಿನಿಪಿಗ್‌ಗಳಿಗೆ ಬರೀ ಕಾಳು-ಬ್ರೆಡ್ಡು ತಿನ್ನಿಸಿದರು. ನಾವಿಕರಿಗೆ ಬರುವ ಸ್ಕರ್ವಿಯೇ ಅವಕ್ಕೂ ಬಂತು. ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುವ ಪ್ರಾಣಿಯನ್ನು ಹಿಡಿದಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಒಟ್ಟಿನಲ್ಲಿ ನಮ್ಮ ವಸಡು ಗಟ್ಟಿಯಾಗಿರುವುದಕ್ಕೆ ಎಲ್ಲಪ್ಪನ ಹಿರಿಯರು ಹಲ್ಲು ತೆತ್ತಿದ್ದಾರೆ. ಆ ಋಣಕ್ಕೆ ನಾನು ದಿನಾ ದೊಣ್ಣೆಮೆಣಸಿನಕಾಯಿ ಹೆಚ್ಚುತ್ತೇನೆ, ಸೀಬೆಹಣ್ಣಿನ ಕಾಲದಲ್ಲಿ ಒಂದೆರಡು ಚೂರು ಅದನ್ನೂ ಇಡುತ್ತೇನೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು ಕೂಡದು. ಈರುಳ್ಳಿ-ಬೆಳ್ಳುಳ್ಳಿ ಇವಕ್ಕೆ ವಿಷವೆಂದು ತಿಳಿದ ದಿನ ನನ್ನ ಹೆಂಡತಿಯ ಕಣ್ಣಲ್ಲಿ ಈ ಜೋಡಿಯ ಅಂತಸ್ತು ಏರಿತು. ತಮ್ಮದೇ ಹಿಕ್ಕೆಯಲ್ಲಿ ಕೆಲವನ್ನು ಮತ್ತೆ ತಿನ್ನುತ್ತವೆ, ಹೊಟ್ಟೆಯ ಆರೋಗ್ಯಕ್ಕೆ ಅದು ಬೇಕೇ ಬೇಕು ಎಂಬ ವಿಷಯವನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ.

ಆದರೆ ಇವುಗಳ ಮುಖ್ಯ ಊಟ ಒಣಹುಲ್ಲು. ಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಜಗಿದೇ ಅದನ್ನು ಸವೆಸಬೇಕು. ಅದಕ್ಕೆ ‘ಟಿಮೊಥಿ’ ಎಂಬ ಹುಲ್ಲು ಕೊರಿಯರ್‌ನಲ್ಲಿ ಬರುತ್ತದೆ. ಕಿಲೋ ಲೆಕ್ಕ ಹಾಕಿದರೆ ನಾವು ತಿನ್ನುವ ಸೋನಾಮಸೂರಿ ಅದರ ಮುಂದೆ ಬಡವರ ಪಾಲು. ಹಿತ್ತಲಲ್ಲಿ ಎರಡಾಳೆತ್ತರದ ರಾಗಿಹುಲ್ಲಿನ ಬಣವೆ ಕಂಡು ಬೆಳೆದವನು ನಾನು. ಹುಲ್ಲಿನ ಪ್ಯಾಕೆಟ್ಟಿಗೆ ಸಹಿ ಹಾಕಿ ತೆಗೆದುಕೊಳ್ಳುವಾಗ ನನ್ನ ಅಜ್ಜ ಮೇಲಿನಿಂದ ನೋಡುತ್ತಿರಬಾರದೆಂದು ಕೋರಿಕೊಳ್ಳುತ್ತೇನೆ. ಖರ್ಚು ತಗ್ಗಿಸಲು ದೇವರಾಜ ಮಾರುಕಟ್ಟೆಯಿಂದ ಗರಿಕೆ ತರತೊಡಗಿದೆ. ಗರಿಕೆ ಇವಕ್ಕೆ ಪಂಚಪ್ರಾಣ. ಹೂವಿನವನು ಸ್ವಲ್ಪ ದಿನ ಸುಮ್ಮನಿದ್ದ. ಆಮೇಲೆ ತಡೆಯಲಾರದೆ, “ಏನ್ ಸಾರ್, ದಿನಾ ಗಣಹೋಮವಾ?” ಎಂದು ಕೇಳಿಯೇ ಬಿಟ್ಟ. ಹೌದೆಂದೆ. ವಿಘ್ನ ಜಾಸ್ತಿ ಇದೆ ಎಂದು ಅವನು ಒಂದು ಹಿಡಿ ಹೆಚ್ಚು ಹಾಕಿದ.

ಮುದ್ದಿಸುವ ವಿಷಯಕ್ಕೆ ಬಂದರೆ, ನಾಯಿ ಸಾಕಿದವರ ನಿರೀಕ್ಷೆಗಳನ್ನೆಲ್ಲ ಹೊರಗೆ ಬಿಟ್ಟು ಬರಬೇಕು. ಇವು ಬೇಟೆಗೆ ಸಿಗುವ ಕುಲದವು. ಮೇಲಿನಿಂದ ಕೈ ಇಳಿದರೆ ಹದ್ದೆರಗಿತೆಂದೇ ಲೆಕ್ಕ. ಕಲ್ಲಾಗಿ ನಿಲ್ಲುತ್ತವೆ, ಇಲ್ಲವೆ ಮೂಲೆಯ ರಟ್ಟಿನ ಪೆಟ್ಟಿಗೆಗೆ ನುಗ್ಗುತ್ತವೆ. ನಿದ್ದೆ ಮಾಡುವಾಗಲೂ ಹೆಚ್ಚಾಗಿ ಕಣ್ಣು ತೆರೆದೇ ಇರುತ್ತದೆ. ಆದ್ದರಿಂದ ನೆಲದ ಮೇಲೆ ಕೂತು, ಅಂಗೈಯಲ್ಲಿ ಕೊತ್ತಂಬರಿ ಎಸಳು ಹಿಡಿದು, ಬೇರೆಲ್ಲೋ ನೋಡುತ್ತಿರಬೇಕು. ನಾನು ಅಷ್ಟು ನಿಶ್ಚಲವಾಗಿ ಕೂತದ್ದು ಉಪನಯನದಲ್ಲೇ ಕೊನೆ. ಕಡೆಗೊಂದು ದಿನ ಅಣ್ಣಪ್ಪ ಬಂದ. ಎಸಳು ತಿಂದ. ನನ್ನ ಹೆಬ್ಬೆರಳನ್ನು ಮೂಸಿ, ಇದು ಸೊಪ್ಪಲ್ಲವೆಂದು ಖಾತ್ರಿಯಾದ ಮೇಲೆ ಹೊರಟುಹೋದ. ನಾನು ಏಳುವುದಕ್ಕೆ ಹೆಂಡತಿಯನ್ನು ಕೂಗಬೇಕಾಯಿತು.

ಪೆರುವಿನ ಕಥೆಯನ್ನೂ ನಾನು ಅವಳಿಗೆ ಹೇಳಿಲ್ಲ. ಇವುಗಳ ತವರು ಆಂಡೀಸ್ ಬೆಟ್ಟಗಳು. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಇವನ್ನು ಮನೆಯಲ್ಲಿ ಸಾಕುತ್ತಿದ್ದಾರೆ, ಮುದ್ದಿಗಲ್ಲ, ಅಡುಗೆಗೆ. ಕುಸ್ಕೋ ನಗರದ ದೊಡ್ಡ ಇಗರ್ಜಿಯಲ್ಲಿ ಮಾರ್ಕೋಸ್ ಸಪಾಟಾ ಎಂಬಾತ ಹದಿನೆಂಟನೆಯ ಶತಮಾನದಲ್ಲಿ ಬರೆದ ಚಿತ್ರವಿದೆ: ಯೇಸು ಶಿಷ್ಯರೊಂದಿಗೆ ಕೊನೆಯ ಊಟಕ್ಕೆ ಕೂತಿದ್ದಾನೆ, ನಡುವಿನ ತಟ್ಟೆಯಲ್ಲಿ ಅಂಗಾತ ಮಲಗಿರುವುದು ಎಲ್ಲಪ್ಪನ ಪೈಕಿಯದೇ ಎಂದು ಊರವರ ಮಾತು. ಅಲ್ಲಿನ ನಾಟಿವೈದ್ಯರು ಈ ಪ್ರಾಣಿಯನ್ನು ರೋಗಿಯ ಮೈಮೇಲೆಲ್ಲ ಆಡಿಸಿ ಕಾಯಿಲೆ ಕಂಡುಹಿಡಿಯುವುದೂ ಉಂಟು. ಮೊಮ್ಮಗಳ ದೃಷ್ಟಿ ತೆಗೆಯದೆ ಬಾಗಿಲು ದಾಟಿಸದ ನನ್ನ ಹೆಂಡತಿಗೆ ಇಷ್ಟು ಭಾಗ ಒಪ್ಪಿಗೆಯಾದೀತು. ತಟ್ಟೆಯ ಭಾಗ ಬೇಡ.

ನಮ್ಮಪ್ಪ ಹಳ್ಳಿಯ ಸ್ಕೂಲು ಮೇಷ್ಟ್ರು. ಸಂತೆ ದಿನ ಸೈಕಲ್ಲಿನಲ್ಲಿ ಹೋಗಿ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದರು. ಹ್ಯಾಂಡಲ್ಲಿಗೆ ತೂಗುಹಾಕಿದ ಚೀಲದಲ್ಲಿ ಕಡ್ಲೆಪುರಿ, ಬತ್ತಾಸು, ಒಮ್ಮೊಮ್ಮೆ ಖಾರಾಸೇವೆ. ನಾವು ಬೀದಿಗೆ ಓಡಿ ಚೀಲವನ್ನು ಕಿತ್ತುಕೊಂಡು ಒಳಗೆ ಬರುತ್ತಿದ್ದೆವು. ಸೈಕಲ್ಲಿಗೆ ಸ್ಟ್ಯಾಂಡು ಹಾಕಿ, ಬಚ್ಚಲಲ್ಲಿ ಕಾಲು ತೊಳೆದು ಅವರು ಒಬ್ಬರೇ ಬರುತ್ತಿದ್ದರು. ಅಷ್ಟರಲ್ಲಿ ಪುರಿ ಅರ್ಧವಾಗಿರುತ್ತಿತ್ತು. ಚೀಲ ತುಂಬಿದ್ದ ದಿನ ಅವರು ಅರಳಿಕಟ್ಟೆಯಿಂದಲೇ ಬೆಲ್ ಹೊಡೆಯುತ್ತಿದ್ದರು. ಸಂಬಳ ತಡವಾದ ತಿಂಗಳಲ್ಲಿ ಬೆಲ್ ಇರುತ್ತಿರಲಿಲ್ಲ, ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಅವರು ಏಕೆ ಅಷ್ಟು ದೂರದಿಂದ ಬೆಲ್ ಹೊಡೆಯುತ್ತಿದ್ದರೆಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. ಈಚೆಗೆ ನಾನು ಗೇಟಿನ ಹತ್ತಿರ ಬಂದಾಗ, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ಸೊಪ್ಪಿನ ಕವರನ್ನು ಒಂದೆರಡು ಸಲ ಮುದುರುತ್ತೇನೆ. ಒಳಗಿನಿಂದ ಸೀಟಿ ಬರುತ್ತದೆ. ಆಮೇಲೆ ಚಿಲಕ ತೆಗೆಯುತ್ತೇನೆ.

ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಎರಡನ್ನೂ ತೂಗಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬೇಟೆಗೆ ಸಿಗುವ ಪ್ರಾಣಿ ನೋವನ್ನು ಮುಚ್ಚಿಡುತ್ತದೆ. ನರಳಿದರೆ ಶತ್ರುವಿಗೆ ಗೊತ್ತಾಗುತ್ತದಲ್ಲ. ಮೇಲೆ ನೋಡಿದರೆ ಆರಾಮಾಗಿಯೇ ಇರುತ್ತದೆ, ತೂಕ ಮಾತ್ರ ಇಳಿಯುತ್ತಿರುತ್ತದೆ ಎಂದು ವೈದ್ಯರು ಎಚ್ಚರಿಸಿದ್ದಾರೆ. ಭಾನುವಾರದ ವಿಡಿಯೊ ಕಾಲ್‌ನಲ್ಲಿ ಮಗ, “ಇಲ್ಲಿ ಎಲ್ಲಾ ಚೆನ್ನಾಗಿದೆ ಅಪ್ಪ,” ಎನ್ನುತ್ತಾನೆ. ಇಲ್ಲೂ ಎಲ್ಲಾ ಚೆನ್ನಾಗಿದೆ ಎಂದು ನಾವೂ ಹೇಳುತ್ತೇವೆ. ಕಳೆದ ಸಲ ಅವನ ಕೆನ್ನೆ ಇಳಿದ ಹಾಗೆ ಕಂಡಿತು. ಲೈಟಿನ ದೋಷ ಎಂದ. ಹೆಂಡತಿ ನನ್ನ ಮುಖ ನೋಡಿದಳು. ನಾನು ತಕ್ಕಡಿ ಒರೆಸಿಟ್ಟೆ.

ಮೊಮ್ಮಗಳಿಗಂತೂ ನಮ್ಮ ಮುಖ ಬೇಕಿಲ್ಲ. “ತಾತ, ಫೋನ್ ಕೆಳಗೆ ಹಿಡೀರಿ. ಇನ್ನೂ ಕೆಳಗೆ.” ಬೇಸಿಗೆಯಲ್ಲಿ ಎರಡೂ ತಣ್ಣಗಿರಲೆಂದು ನಾನು ಇಟ್ಟ ಮಂಗಳೂರು ಹೆಂಚಿನ ಮೇಲೆ ಕಾಲು ಚಾಚಿ ಮಲಗಿರುತ್ತವೆ. ಬಿಸಿಲು ಇವಕ್ಕೆ ತಡೆಯದು. ಅರ್ಧ ಗಂಟೆಯ ಕಾಲ್‌ನಲ್ಲಿ ಅವಳಿಗೆ ಕಾಣುವುದು ಎರಡು ಪೃಷ್ಠ, ನಮಗೆ ಕಾಣುವುದು ಅವಳ ಹಣೆ. “ಎಲ್ಸಾಗೆ ನನ್ನ ನೆನಪಿದೆಯಾ?” ಎಂದು ಕೇಳುತ್ತಾಳೆ. “ನಿನ್ನ ಧ್ವನಿ ಕೇಳಿದ ಕೂಡ್ಲೆ ಕಿವಿ ಅಲ್ಲಾಡಿಸ್ತು ಪುಟ್ಟಿ,” ಎನ್ನುತ್ತಾಳೆ ಅಜ್ಜಿ, ಕೈಯಲ್ಲಿ ಕವರೊಂದನ್ನು ಹಿಂದೆ ಬಚ್ಚಿಟ್ಟುಕೊಂಡು.

ಈಗ ಅಲ್ಲಿಯೂ ಒಂದು ಜೋಡಿ ಬಂದಿದೆ. ಯಾರೋ ಊರು ಬಿಡುವವರು ಕೊಟ್ಟುಹೋದರಂತೆ. ಏನು ಹೆಸರಿಟ್ಟೆ ಎಂದು ಕೇಳಿದೆ. ಇನ್ಯಾವ ಸಿನಿಮಾವೋ ಎಂದು ಕಾಯುತ್ತಿದ್ದೆ.

“ಎಲ್ಲಪ್ಪ, ಅಣ್ಣಪ್ಪ.”

ನಾವಿಬ್ಬರೂ ಉಸಿರೆತ್ತಲಿಲ್ಲ.

“ನೀವು ಫೋನ್ ಕಟ್ ಮಾಡೋದೇ ಇಲ್ಲ ತಾತ, ಸುಮ್ನೆ ಟೇಬಲ್ ಮೇಲೆ ಇಡ್ತೀರ. ಎಲ್ಲಾ ಕೇಳ್ಸತ್ತೆ,” ಎಂದಳು. ಆಮೇಲೆ ಅಜ್ಜಿಗೆ ಸಮಾಧಾನ ಮಾಡುವ ದನಿಯಲ್ಲಿ ಸೇರಿಸಿದಳು: “ಇಲ್ಲಿ ಡಾಕ್ಟರ್ ಮೊದಲೇ ನೋಡಿ ಹೇಳಿದಾರೆ ಅಜ್ಜಿ. ಅಣ್ಣಪ್ಪ ಹುಡುಗಿ.”