ಗಣಕದೊಳಗಿನ ಗಣಕ: ಒಂದು ಅನುಭವ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದಾಗ, ನಾನು ವ್ಯಾಕರಣವನ್ನೋ ಛಂದಸ್ಸನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಕೇಶಿರಾಜನ ಸೂತ್ರಗಳನ್ನು ಕಂಠಪಾಠ ಮಾಡಿ ವಿದ್ವತ್ ಪರೀಕ್ಷೆಗೆ ಕುಳಿತವನಿಂದ ಬೇರೇನನ್ನು ನಿರೀಕ್ಷಿಸಿಯಾರು? ಆದರೆ ಐವತ್ತು ದಾಟಿದ ಮೇಲೆ ನಾನು ಮತ್ತೆ ವಿದ್ಯಾರ್ಥಿಯಾದ ಕಥೆಯೊಂದುಂಟು. ಅದು ನನ್ನದೇ ತಪ್ಪಿನಿಂದ ಆರಂಭವಾದುದರಿಂದ, ಮೊದಲು ಆ ತಪ್ಪನ್ನು ನಿವೇದಿಸುವುದು ಯುಕ್ತ.

2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದು, ನಮ್ಮ ಇಟ್ಟಿಗಿಯನ್ನೊಳಗೊಂಡ ಹೂವಿನಹಡಗಲಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅದಕ್ಕೆ ಸೇರಿತು. ಶಾಲೆಯ ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಪಟ್ಟಿಯನ್ನು ನಮ್ಮ ಗುಮಾಸ್ತರು ಬಿಡುವಾದಾಗಲೆಲ್ಲ ಕುಳಿತು, ಎರಡು ವರ್ಷ ಶ್ರಮಿಸಿ ಕಂಪ್ಯೂಟರಿಗೆ ಏರಿಸಿದ್ದರು. ಜಿಲ್ಲೆಯ ಹೆಸರನ್ನು ತಿದ್ದುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ಲಿನಕ್ಸಿನ ನಾಲ್ಕಾರು ಆಜ್ಞೆಗಳನ್ನು ಆಗತಾನೆ ಕಲಿತಿದ್ದ ಹುಮ್ಮಸ್ಸು. ಒಂದೇ ಸಾಲಿನ ಆಜ್ಞೆಯಿಂದ, ಎಲ್ಲ ಕಡತಗಳಲ್ಲಿಯೂ ‘ಬಳ್ಳಾರಿ’ ಎಂದಿದ್ದೆಡೆಯಲ್ಲೆಲ್ಲ ‘ವಿಜಯನಗರ’ ಎಂದು ಮಾಡಿಬಿಟ್ಟೆ. ರೆಪ್ಪೆ ಬಡಿಯುವಷ್ಟರಲ್ಲಿ ಕೆಲಸ ಮುಗಿಯಿತು.

ಅನರ್ಥ ತಿಳಿದದ್ದು ಮರುದಿನ. ಬಳ್ಳಾರಿ ನಗರದಲ್ಲಿ ಹುಟ್ಟಿದವರು, ಇಂದಿಗೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇರುವ ಸಂಡೂರು, ಸಿರುಗುಪ್ಪದವರು, ಎಲ್ಲರೂ ವಿಜಯನಗರದವರಾಗಿದ್ದರು. ಅದನ್ನೇ ಹಿಂದಕ್ಕೆ ತಿರುಗಿಸೋಣವೆಂದರೆ, ಬೆಂಗಳೂರಿನ ವಿಜಯನಗರ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಶಿಷ್ಯರೂ ಬಳ್ಳಾರಿಯವರಾಗಿಬಿಡುವರು! ಮೂಲದ ಪ್ರತಿಯನ್ನು ನಾನು ತೆಗೆದಿಟ್ಟಿರಲಿಲ್ಲ. ಗುಮಾಸ್ತರು ವಿಷಯ ಕೇಳಿ ಒಂದು ಮಾತನ್ನೂ ಆಡಲಿಲ್ಲ. ಬೀರುವಿನಿಂದ ಹಳೆಯ ದಾಖಲಾತಿ ಪುಸ್ತಕಗಳನ್ನು ತೆಗೆದು, ಧೂಳು ಕೊಡವಿ ಮೇಜಿನ ಮೇಲಿಟ್ಟರು. ಪ್ರತಿ ಸಂಜೆ ಅವರು ಓದಿ ಹೇಳಿದಂತೆ ನಾನು ತಿದ್ದಿದೆ. ಅವರ ನಿವೃತ್ತಿಗೆ ನಾಲ್ಕು ತಿಂಗಳು ಉಳಿದಿತ್ತು; ಅದರಲ್ಲಿ ಆರು ವಾರಗಳು ನನ್ನ ದುಡುಕಿಗೆ ಸಂದವು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ವರ್ಷ ಮೈಲಾರದ ಜಾತ್ರೆಗೆಂದು ಊರಿಗೆ ಬಂದ ಶಿಷ್ಯನೊಬ್ಬ ಮನೆಗೆ ಬಂದ. ಬೆಂಗಳೂರಿನಲ್ಲಿ ನೂರಾರು ಸರ್ವರ್‌ಗಳ ಮೇಲ್ವಿಚಾರಣೆ ಅವನ ಉದ್ಯೋಗ. ನನ್ನ ಗೋಳನ್ನು ಕೇಳಿ ನಕ್ಕು, “ಗುರುಗಳೇ, ಶಾಲಿ ಕಂಪ್ಯೂಟರಿನ ಮ್ಯಾಲ ಯಾಕ ಕಲಿಯಾಕ ಹೋಗಿದ್ರಿ? ಮನ್ಯಾಗ ನಿಮಗೊಂದು ಹುಸಿ ಕಂಪ್ಯೂಟರ್ ಮಾಡಿ ಕೊಡ್ತೀನಿ. ಎಷ್ಟು ಸಲ ಬೇಕಾದ್ರೂ ಕೆಡಸ್ರಿ” ಎಂದ.

ಅದಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶವನ್ನು ಸ್ಥಾಪಿಸಿದರೆ, ಅದು ತನ್ನೊಳಗೆ ಮತ್ತೊಂದು ಕಂಪ್ಯೂಟರ್ ಇರುವಂತೆ ಮಾಡುತ್ತದೆ. ಒಳಗಿನದಕ್ಕೆ ತನ್ನದೇ ಸ್ಮೃತಿ, ತನ್ನದೇ ಡಿಸ್ಕು ಇವೆಯೆಂಬ ಭಾವನೆ. ಹೊರಗಿನಿಂದ ನೋಡಿದರೆ ಆ ಡಿಸ್ಕು ಕೇವಲ ಒಂದು ಕಡತ. ಈ ಉಪಾಯ ಹೊಸದೇನೂ ಅಲ್ಲ. ಐಬಿಎಂ ಸಂಸ್ಥೆಯವರು 1960ರ ದಶಕದಲ್ಲಿಯೇ ಇದನ್ನು ಪ್ರಯೋಗಿಸಿ, 1972ರಲ್ಲಿ ವಿಎಂ/370 ಎಂಬುದನ್ನು ಪ್ರಕಟಿಸಿದ್ದರು. ಆಗ ಅದು ದೊಡ್ಡ ದೊಡ್ಡ ಯಂತ್ರಗಳ ವೈಭವ. 1999ರಲ್ಲಿ ವಿಎಂವೇರ್, 2007ರಲ್ಲಿ ವರ್ಚುವಲ್‌ಬಾಕ್ಸ್ ಬಂದು, ಅದು ಮನೆಯ ಮೇಜಿನವರೆಗೂ ಇಳಿದು ಬಂದಿತು. ನನ್ನ ಕಂಪ್ಯೂಟರಿನ 8 ಜಿಬಿ ಸ್ಮೃತಿಯಲ್ಲಿ 2 ಜಿಬಿಯನ್ನು ವಿಂಗಡಿಸಿ, ವರ್ಚುವಲ್‌ಬಾಕ್ಸಿನೊಳಗೆ ಡೆಬಿಯನ್ ಎಂಬ ಲಿನಕ್ಸನ್ನು ಶಿಷ್ಯ ನೆಲೆಗೊಳಿಸಿದ. ಎರಡಕ್ಕೂ ಕಾಸು ಕೊಡಬೇಕಾಗಿರಲಿಲ್ಲ.

ಬಾಲ್ಯದಲ್ಲಿ ನಾವು ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದೆವು. ತಪ್ಪಾದರೆ ಅಂಗೈಯಿಂದ ಸವರಿದರಾಯಿತು. ಹಿಂದೆ ಓಲೆಗರಿಯ ಮೇಲೆ ಕಂಠದಿಂದ ಕೊರೆಯುವವನೂ ಮರಳಿನಲ್ಲಿ ಕೈ ಪಳಗಿಸಿಕೊಂಡೇ ಬರಬೇಕಾಗಿತ್ತು. ಓಲೆಯ ಮೇಲಿನ ಗೀರು ಅಳಿಯುವುದಿಲ್ಲವಷ್ಟೆ. ನಾನು ಮರಳನ್ನು ಮುಟ್ಟದೆ ನೇರವಾಗಿ ಓಲೆಗೆ ಕಂಠವನ್ನೊತ್ತಿದ್ದೆ.

ಅನಂತರ ರಾತ್ರಿ ಊಟವಾದ ಮೇಲೆ ಒಂದು ಗಂಟೆ ಇದೇ ನನ್ನ ಪಾಠ. ಆರಂಭಿಸುವ ಮೊದಲು ಸ್ನ್ಯಾಪ್‌ಶಾಟ್ ತೆಗೆಯುವುದು. ಅಂದರೆ ಯಂತ್ರದ ಆ ಕ್ಷಣದ ಸ್ಥಿತಿಯನ್ನು ಗುರುತಿಟ್ಟುಕೊಳ್ಳುವುದು. ಕೆಟ್ಟರೆ ಅಲ್ಲಿಗೆ ಮರಳುವುದು. ಯಾರು ಓದಬಹುದು, ಯಾರು ಬರೆಯಬಹುದು ಎಂಬ ಅನುಮತಿಗಳನ್ನು ಕಲಿತೆ. ಎರಡನೆಯ ಹುಸಿ ಯಂತ್ರವನ್ನು ಕಟ್ಟಿ, ಒಂದನ್ನು ಕಛೇರಿಯೆಂದೂ ಇನ್ನೊಂದನ್ನು ಸರ್ವರೆಂದೂ ಭಾವಿಸಿ, ಎರಡರ ನಡುವೆ ಜಾಲ ಹೆಣೆದೆ. ಒಮ್ಮೆ ಬೇಕೆಂದೇ ಇಡೀ ವ್ಯವಸ್ಥೆಯನ್ನು ಅಳಿಸಿ, ಅದು ನರಳಿ ನಿಲ್ಲುವುದನ್ನು ಭಯವಿಲ್ಲದೆ ನೋಡಿದೆ.

ಹತ್ತು ಕಲ್ಪಿತ ಹೆಸರುಗಳ ಪಟ್ಟಿ ಮಾಡಿ, ಆ ಬಳ್ಳಾರಿಯ ಆಜ್ಞೆಯನ್ನೂ ಮತ್ತೆ ಕೊಟ್ಟು ನೋಡಿದೆ. ಕ್ರಮ ಹೀಗಿರಬೇಕಾಗಿತ್ತು: ಮೊದಲು ಪ್ರತಿ ತೆಗೆದಿಡುವುದು, ಆ ಪದ ಯಾವ ಯಾವ ಸಾಲಿನಲ್ಲಿದೆಯೆಂದು ಬರಿದೆ ಹುಡುಕಿ ಓದುವುದು, ತಾಲ್ಲೂಕು ಹಡಗಲಿಯೋ ಕೂಡ್ಲಿಗಿಯೋ ಆಗಿರುವ ಸಾಲುಗಳಲ್ಲಿ, ಅದೂ ಈಗಿನ ವಿಳಾಸದ ಅಂಕಣದಲ್ಲಿ ಮಾತ್ರ ತಿದ್ದುವುದು, ಕಡೆಗೆ ಹಳತು ಹೊಸತುಗಳನ್ನು ಹೋಲಿಸುವುದು. ಪಾಠಾಂತರಗಳನ್ನು ನೋಡದೆ ಗ್ರಂಥವನ್ನು ತಿದ್ದಬಾರದೆಂದು ನನ್ನ ಗುರುಗಳು ಮೂವತ್ತು ವರ್ಷಗಳ ಹಿಂದೆಯೇ ಹೇಳಿದ್ದರು. ಹಳಗನ್ನಡಕ್ಕೆ ಪಾಲಿಸಿದ ನಿಯಮವನ್ನು ಕಂಪ್ಯೂಟರಿಗೆ ಮರೆತಿದ್ದೆ.

ಇನ್ನೊಂದು ಪಾಠ ತಾನಾಗಿಯೇ ಬಂತು. ಒಂದು ರಾತ್ರಿ ಕರೆಂಟು ಹೋಗಿ ಬಂದ ಮೇಲೆ ನನ್ನ ನಿಜವಾದ ಡಿಸ್ಕೇ ಏಳಲಿಲ್ಲ. ಹುಸಿ ಯಂತ್ರಗಳೂ ಅವುಗಳ ಸ್ನ್ಯಾಪ್‌ಶಾಟ್‌ಗಳೂ ಒಟ್ಟಿಗೇ ಹೋದವು. ಒಂದೇ ಪೆಟ್ಟಿಗೆಯೊಳಗಿನ ಎರಡು ಪ್ರತಿಗಳು ಎರಡಲ್ಲವೆಂಬುದು ಅಂದು ಮನದಟ್ಟಾಯಿತು. ನಷ್ಟವಾದದ್ದು ಹತ್ತು ಕಲ್ಪಿತ ಹೆಸರುಗಳು ಮಾತ್ರ.

ಈಗ ಶಾಲೆಯ ಪಟ್ಟಿಯ ಪ್ರತಿ ಪ್ರತಿದಿನ ಬೇರೊಂದು ಡಿಸ್ಕಿಗೆ ಹೋಗುತ್ತದೆ. ಇನ್ನೊಂದು ಬೇರೆ ಕಟ್ಟಡದಲ್ಲಿರುತ್ತದೆ. ತಿಂಗಳಿಗೊಮ್ಮೆ ಒಂಬತ್ತನೆಯ ತರಗತಿಯ ಮಕ್ಕಳು ಮಾದರಿ ಪಟ್ಟಿಯೊಂದನ್ನು ಪ್ರತಿಯಿಂದ ಹುಸಿ ಯಂತ್ರದೊಳಗೆ ಮರಳಿ ಪಡೆಯುವ ಅಭ್ಯಾಸ ಮಾಡುತ್ತಾರೆ. ನಿಜವಾದ ಪಟ್ಟಿಯಲ್ಲಿ ಅದನ್ನೇ ನಾನು ಮಾಡಿ ನೋಡುತ್ತೇನೆ. ತೆರೆದು ನೋಡದ ಪ್ರತಿಯನ್ನು ನಂಬುವಂತಿಲ್ಲ.

ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ತಮ್ಮಲ್ಲಿ 8 ಜಿಬಿ ಸ್ಮೃತಿಯುಳ್ಳ ಹಳೆಯ ಕಂಪ್ಯೂಟರುಗಳಿದ್ದರೆ ಅವನ್ನು ಮೂಲೆಗೆ ಹಾಕದೆ ಶಾಲೆಗೆ ಕಳುಹಿಸಿಕೊಡಬೇಕು. ಹಳ್ಳಿಯ ಮಗುವಿಗೆ ಯಂತ್ರವನ್ನು ಮುಟ್ಟಿದರೆ ಕೆಟ್ಟೀತೆಂಬ ಅಂಜಿಕೆ ಬಲು ದೊಡ್ಡದು. ಕೆಡಿಸಿಯೂ ಸರಿಪಡಿಸಬಹುದಾದ ಸ್ಥಳವೊಂದು ಅದಕ್ಕೆ ದೊರೆತರೆ ಆ ಅಂಜಿಕೆ ಬಿಟ್ಟುಹೋಗುತ್ತದೆ.

ಈ ಸಂಚಿಕೆಯ ಕೊನೆಯಲ್ಲಿ ಅಚ್ಚಾಗಿರುವ ಹೆಸರುಗಳ ಪಟ್ಟಿ ಆ ಗುಮಾಸ್ತರು ಓದಿ ಹೇಳಿದ್ದು. ಅದರಲ್ಲಿ ತಮ್ಮ ಊರಿನ ಹೆಸರು ಸರಿಯಾಗಿದ್ದರೆ ಅವರನ್ನು ಸ್ಮರಿಸಿ. ತಪ್ಪಿದ್ದರೆ ದಯಮಾಡಿ ನನಗೆ ತಿಳಿಸಿ.