ಹದ್ದಿನ ತೂಕ, ಪೆಟ್ರೆಲ್ಲಿನ ದಾರಿ

ಮಕ್ಕಳ ಕೈಗೆ ಹಕ್ಕಿಗಳ ಪುಸ್ತಕ ಕೊಟ್ಟು ನೋಡಿ. ನಾಲ್ಕು ಪುಟ ತಿರುವುವಷ್ಟರಲ್ಲಿ ಪ್ರಶ್ನೆ ಬರುತ್ತದೆ: ‘ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು?’ ಹೀಗೆ ಕೇಳುವುದನ್ನು ಅವರಿಗೆ ಕಲಿಸಿದವರು ದೊಡ್ಡವರೇ. ಪಕ್ಕದ ಮನೆಯ ಹುಡುಗನಿಗೆ ಎಷ್ಟು ಮಾರ್ಕ್ಸ್ ಎಂದು ವಿಚಾರಿಸುವುದೂ ಇದೇ ಜಾತಿಯ ಪ್ರಶ್ನೆ. ಆದ್ದರಿಂದ ನಾನೂ ಅರಬ್ಬೀ ಸಮುದ್ರದಲ್ಲಿ ಕಾಣಸಿಗುವ ಎರಡು ಹಕ್ಕಿಗಳನ್ನು ತಕ್ಕಡಿಗೆ ಹಾಕಿ ನೋಡುತ್ತೇನೆ.

ಒಂದು, ಬಿಳಿಹೊಟ್ಟೆಯ ಕಡಲ ಹದ್ದು. ಮುರ್ಡೇಶ್ವರದಾಚೆ ಕಡಲಲ್ಲಿರುವ ನೇತ್ರಾಣಿ ದ್ವೀಪ ಇದರ ನೆಲೆ. ತೂಕ ಎರಡರಿಂದ ನಾಲ್ಕು ಕಿಲೋ. ರೆಕ್ಕೆ ಬಿಚ್ಚಿದರೆ ಸುಮಾರು 2 ಮೀಟರ್. ಮೇಲಿನಿಂದ ಇಳಿದು ಮೀನನ್ನೋ ಕಡಲ ಹಾವನ್ನೋ ಉಗುರಿನಲ್ಲಿ ಎತ್ತಿಕೊಂಡು ಹೋಗುವ ಗತ್ತೇ ಬೇರೆ.

ಇನ್ನೊಂದು, ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್. ಕಪ್ಪು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ತೂಕ 40 ಗ್ರಾಂ ಆಸುಪಾಸು, ಒಂದು ಕೋಳಿಮೊಟ್ಟೆಗಿಂತ ಕಡಿಮೆ! ಅಂಟಾರ್ಕ್ಟಿಕಾದ ಬಂಡೆಗಳ ಸಂದಿಯಲ್ಲಿ ಒಂದೇ ಒಂದು ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಅಲ್ಲಿ ಚಳಿಗಾಲ ಬಂತೆಂದರೆ ಭೂಮಧ್ಯರೇಖೆ ದಾಟಿ ಉತ್ತರಕ್ಕೆ ಹೊರಡುತ್ತದೆ. ಮುಂಗಾರಿನಲ್ಲಿ ನಮ್ಮ ಯಾಂತ್ರಿಕ ದೋಣಿಗಳು ದಡ ಸೇರಿರುವಾಗ, ಈ ಪುಟ್ಟ ಜೀವ ನಡುಗಡಲಿನಲ್ಲಿ ಅಲೆಯ ಮೇಲೆ ಪಾದ ತಟ್ಟುತ್ತ, ನಡೆದಂತೆ ಹಾರುತ್ತ, ಚೂರುಪಾರು ಆಹಾರ ಹೆಕ್ಕುತ್ತಿರುತ್ತದೆ. ಕೊಕ್ಕಿನ ಮೇಲೆ ಕೊಳವೆಯಂಥ ಮೂಗು; ವಾಸನೆಯಿಂದಲೇ ಆಹಾರದ ಜಾಡು ಹಿಡಿಯಬಲ್ಲದು.

ತೂಕ ನೋಡಿದರೆ ಹದ್ದು ಗೆದ್ದಿತು. ದಾರಿ ನೋಡಿದರೆ ಪೆಟ್ರೆಲ್ ಗೆದ್ದಿತು. ಆದರೆ ಅದೇ ಪೆಟ್ರೆಲ್ ನೆಲದ ಮೇಲೆ ನೆಟ್ಟಗೆ ನಡೆಯಲಾರದು. ವೈರಿಗಳಿಗೆ ಹೆದರಿ ಕತ್ತಲಲ್ಲೇ ಗೂಡಿಗೆ ಬರುತ್ತದೆ. ಹದ್ದನ್ನು ತಿಂಗಳುಗಟ್ಟಲೆ ನಡುಗಡಲಿನಲ್ಲಿ ಬಿಟ್ಟರೆ ಕೂರಲು ಕೊಂಬೆಯಿಲ್ಲದೆ ಸೋತುಹೋದೀತು.

ನಮ್ಮ ಮನೆಯಲ್ಲೂ ಇಬ್ಬರಿದ್ದಾರೆ. ದೊಡ್ಡವಳು ಕೂತಲ್ಲೇ ಓದಿ ಒಳ್ಳೆಯ ಅಂಕ ತಂದವಳು. ಚಿಕ್ಕವನು ಕೂತಲ್ಲಿ ಕೂರುವವನಲ್ಲ. ಕೆಟ್ಟ ರೇಡಿಯೋ, ಸೈಕಲ್ಲು ಏನು ಸಿಕ್ಕಿದರೂ ಬಿಚ್ಚಿ ಜೋಡಿಸುತ್ತಾನೆ. ಬಂದ ನೆಂಟರೆಲ್ಲ ‘ಅಕ್ಕನ ಹಾಗೆ ನೀನ್ಯಾಕೋ ಓದಲ್ಲ?’ ಎನ್ನುತ್ತಾರೆ. ಹುಡುಗ ಉತ್ತರ ಕೊಡುವುದಿಲ್ಲ, ಎದ್ದು ಹೊರಗೆ ಹೋಗುತ್ತಾನೆ. ಈಗೀಗ ನೆಂಟರು ಬಂದರೆಂದರೆ ಊಟಕ್ಕೂ ಒಳಗೆ ಬರುವುದಿಲ್ಲ.

ಯಾವುದು ದೊಡ್ಡದು ಎನ್ನುವುದಕ್ಕಿಂತ ಯಾವುದಕ್ಕೆ ಏನು ಬೇಕು ಎಂದು ಕೇಳುವುದು ಲೇಸು. ಕಡಲ ಹದ್ದಿನ ಜೋಡಿ ವರ್ಷ ವರ್ಷವೂ ಅದೇ ಗೂಡಿಗೆ ಬಂದು ಇನ್ನಷ್ಟು ಕಡ್ಡಿ ಸೇರಿಸುತ್ತದೆ. ಆ ಮರ ಕಡಿದರೆ ಅಷ್ಟೂ ವರ್ಷದ ದುಡಿಮೆ ನೆಲಕ್ಕೆ. ಅತ್ತ ಅಂಟಾರ್ಕ್ಟಿಕಾದಲ್ಲಿ ಹಿಮ ಬಿದ್ದು ಬಿಲದ ಬಾಯಿ ಮುಚ್ಚಿದರೆ ಪೆಟ್ರೆಲ್ಲಿನ ಮರಿ ಒಳಗೇ ಸಾಯುತ್ತದೆ. ಒಂದಕ್ಕೆ ಕಡಿಯದೆ ಉಳಿದ ಮರ ಬೇಕು, ಇನ್ನೊಂದಕ್ಕೆ ತೆರೆದಿರುವ ಬಾಗಿಲು.

ಫಲಿತಾಂಶದ ದಿನ ಮಗುವನ್ನು ‘ಅವನಿಗೆಷ್ಟು ಬಂತು?’ ಎಂದು ಕೇಳುವ ಮುನ್ನ, ತಂದೆತಾಯಿಯರು ಈ ಎರಡು ಹಕ್ಕಿಗಳನ್ನು ಒಮ್ಮೆ ನೆನೆದರೆ ಸಾಕು.