ಲಾಟೀನು ಆರಲಿಲ್ಲ

ನಾನು ವಿಜ್ಞಾನದ ಮೇಷ್ಟ್ರು. ಉರಿಯೋ ಮೇಣದಬತ್ತಿ ಮೇಲೆ ಗಾಜಿನ ಲೋಟ ಬೋರಲು ಹಾಕಿ, 'ಆಮ್ಲಜನಕ ಕಮ್ಮಿಯಾದರೆ ಬೆಂಕಿ ಆರುತ್ತದೆ, ಮಕ್ಕಳೇ' ಅಂತ ವರ್ಷ ವರ್ಷ ಹೇಳಿದ್ದೇನೆ. ಈ ಪಾಠ ನಮ್ಮಪ್ಪನಿಗೆ ನನಗಿಂತ ಮೊದಲೇ ಗೊತ್ತಿತ್ತು. ಅವನು ಕಲಿತದ್ದು ಮ್ಯಾನ್‌ಹೋಲಿನಲ್ಲಿ.

ಅಪ್ಪ ಪಟ್ಟಣದಲ್ಲಿ ಚರಂಡಿ ಕೆಲಸದವನು. ಆಗ ಜಾಡಮಾಲಿ ಅಂತಲೇ ಕರೆಯೋರು. ಗುಂಡಿಗೆ ಇಳಿಯೋ ಮುಂಚೆ ಮುಚ್ಚಳ ತೆಗೆದು ಒಂದಷ್ಟು ಹೊತ್ತು ಬಿಡೋರು. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡೋರು. ಆರಿದರೆ ಇಳೀಬಾರದು. ಅವರ ಕೈಲಿದ್ದ ವಿಜ್ಞಾನ ಅಷ್ಟೇ. ಸರ್ಕಾರ ಕೊಟ್ಟದ್ದು ಅದೂ ಅಲ್ಲ.

ಅವತ್ತು ಲಾಟೀನು ಉರೀತಾನೇ ಇತ್ತು. ಮೊದಲು ಇಳಿದ ಹುಡುಗ ಕೂಗಿದರೆ ಓ ಅನ್ನಲಿಲ್ಲ. ಎತ್ತೋಕೆ ಅಂತ ನಮ್ಮ ಚಿಕ್ಕಪ್ಪ ಇಳಿದ. ಅವನೂ ಬರಲಿಲ್ಲ. ಮೂರನೆಯವನಾಗಿ ಇಳಿಯೋಕೆ ಹೋದ ಅಪ್ಪನನ್ನು ಜನ ಹಿಡಿದುಕೊಂಡರು. ಸಾಯೋವರೆಗೂ ಅಪ್ಪ ನನ್ನನ್ನ ಒಂದೇ ಕೇಳ್ತಿದ್ದ: "ಓದಿದೋನು ನೀನು, ಹೇಳ್ಲಾ. ದೀಪ ಉರೀತಿತ್ತಲ್ಲ, ತಮ್ಮ ಯಾಕೆ ಸತ್ತ?"

ಉತ್ತರ ಈಗ ನನಗೆ ಗೊತ್ತು. ಹೈಡ್ರೋಜನ್ ಸಲ್ಫೈಡ್ ದೀಪ ಆರಿಸದೆಯೇ ಮನುಷ್ಯನನ್ನು ಕೊಲ್ಲಬಲ್ಲದು. ಕೆಸರಲ್ಲಿ ಅಡಗಿದ್ದು, ಕಾಲಿಟ್ಟು ಕದಡಿದಾಗ ಮೇಲೇಳುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗೇ ಸತ್ತು ನಾತವೂ ತಿಳಿಯೋದಿಲ್ಲ. ಒಂದೆರಡು ಉಸಿರಿಗೇ ಆಳು ಕುಸಿಯುತ್ತಾನೆ. ಮಿಥೇನ್ ಇದ್ದರಂತೂ ಆ ಲಾಟೀನೇ ಬೆಂಕಿ ಹಚ್ಚುತ್ತದೆ.

ಅಲ್ಲಿ ಬಟ್ಟೆ ಕಟ್ಟಿಕೊಂಡರೆ ಆಗದು. ಗಾಳಿ ಸೋಸುವ ಮಾಸ್ಕೂ ಸಾಲದು. ಆಮ್ಲಜನಕವೇ ಇಲ್ಲದ ಕಡೆ ಸೋಸಿ ಏನು ಸಿಗುತ್ತೆ? ಮೇಲಿನ ಗಾಳಿಯನ್ನೇ ಕೆಳಗೆ ಕಳಿಸಬೇಕು. ಮೇಲೊಂದು ಕಂಪ್ರೆಸರ್, ಅಲ್ಲಿಂದ ಉದ್ದನೆ ಕೊಳವೆ, ತುದಿಗೆ ಮುಖ ಪೂರ್ತಿ ಮುಚ್ಚುವ ಮುಖವಾಡ. ಕೊಳವೆ ಕೈಕೊಟ್ಟರೆ ಹತ್ತಿ ಬರುವಷ್ಟು ಉಸಿರಿಗೆ ಸೊಂಟದಲ್ಲೊಂದು ಸಣ್ಣ ಸಿಲಿಂಡರ್. 2013ರ ಕಾಯ್ದೆಯ ನಿಯಮಗಳ ಪಟ್ಟಿಯಲ್ಲೇ ಈ ಏರ್‌ಲೈನ್ ಸಲಕರಣೆ ಇದೆ.

ನಮ್ಮ ಪಟ್ಟಣದ ಕಚೇರಿಯಲ್ಲೂ ಇದೆ. ಹೋಗಿ ನೋಡಿದೆ. ಉಗ್ರಾಣದ ಮೂಲೆ, ಪೆಟ್ಟಿಗೆ ತುಂಬ ಧೂಳು. ಒಳಗಿನ ಪ್ಲಾಸ್ಟಿಕ್ ಹರಿದೇ ಇಲ್ಲ. "ಹೊರಗೆ ಕೊಟ್ಟರೆ ಹಾಳು ಮಾಡ್ತಾರೆ ಮೇಷ್ಟ್ರೇ, ಆಡಿಟ್‌ನೋರು ಕೇಳ್ತಾರೆ" ಅಂದ ಗುಮಾಸ್ತ. ಪೆಟ್ಟಿಗೆ ಹಾಳಾದರೆ ಲೆಕ್ಕ ಕೇಳೋರಿದ್ದಾರೆ. ಚಿಕ್ಕಪ್ಪನ ಲೆಕ್ಕ ಯಾರು ಕೇಳಿದರು?

ಸತ್ತವನ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಕೊಡಲೇಬೇಕು. ಆದರೆ ನಮಗೆ ಬೇಕಾದ್ದು ಸತ್ತ ಮೇಲಿನ ದುಡ್ಡಲ್ಲ, ಬದುಕಿದ್ದಾಗಿನ ಗಾಳಿ.

ಮುಖವಾಡವೂ ಕೊನೆಯ ಮಾತಲ್ಲ ಗೆಳೆಯರೇ. ಸಲಕರಣೆ ಕೊಟ್ಟು ಮತ್ತೆ ನಮ್ಮ ಕೇರಿಯವನನ್ನೇ ಇಳಿಸಿದರೆ ಜಾತಿ ಎಲ್ಲಿ ಹೋಯಿತು? ಗುಂಡಿಗೆ ಯಂತ್ರ ಇಳಿಯಲಿ, ಮನುಷ್ಯ ಮೇಲಿರಲಿ. ಅಲ್ಲೀವರೆಗೆ ನಿಮ್ಮ ನಿಮ್ಮ ಊರಿನ ಕಚೇರಿಗೆ ಹೋಗಿ, ಆ ಪೆಟ್ಟಿಗೆ ಬಿಚ್ಚಿಸಿ.